ದೇಶದ ಲಿಸ್ಟಲ್ಲಿ ಇಂಡಿಯಾನೇ ಇಲ್ಲ, ದುಬೈ ಅಣ್ಣನ ಹೆಸರಲ್ಲಿ ಅಕೌಂಟ್ ಮಾಡಿದ್ರೆ ಎಂತ ಆಗ್ತದೆ?

ಪೆರ್ಲದ ಪೆನ್ಸಿಲ್:

ಎಲ್ರಿಗೂ ನಮಸ್ಕಾರ. ನಾನು ಕಾಸರಗೋಡಿನ ಪೆರ್ಲ ಕಡೆಯವಳು, ಟ್ಯಾಬ್‌ನಲ್ಲಿ ಯಕ್ಷಗಾನದ ವೇಷ ಬಿಡಿಸ್ತೇನೆ, ಎಲ್ಲಾ ತೆಂಕುತಿಟ್ಟು ಶೈಲಿಯದ್ದೇ, ರಾಕ್ಷಸರ ಬಣ್ಣದ ವೇಷದ್ದು ಜಾಸ್ತಿ ಯಾಕಂದ್ರೆ ಮುಖದ ಮೇಲೆ ಬಿಳಿ ಹಿಟ್ಟಿನ ಚುಕ್ಕೆ ಇಡ್ತಾರಲ್ಲ, ಆ ಚಿಟ್ಟಿ ಇಡುವ ಕೆಲಸ ಡಿಜಿಟಲ್‌ನಲ್ಲಿ ಮಾಡ್ಲಿಕ್ಕೆ ನಂಗೆ ಭಾರೀ ಖುಷಿ. ಇನ್‌ಸ್ಟಾದಲ್ಲಿ ಸುಮ್ನೆ ಹಾಕ್ತಾ ಇದ್ದೆ, ಈಗ ಹೊರಗಿನವರು ಕೇಳ್ಲಿಕ್ಕೆ ಶುರು ಮಾಡಿದ್ದಾರೆ, ದೊಡ್ಡ ಫೈಲ್ ಕೊಡಿ ನಾವೇ ಪ್ರಿಂಟ್ ಹಾಕಿಸಿ ಫ್ರೇಮ್ ಮಾಡಿಸ್ತೇವೆ ಅಂತ. ಅಮೆರಿಕದಲ್ಲಿ ಒಬ್ರಿದ್ದಾರೆ, ಕುವೈತಲ್ಲಿ ಇದ್ದಾರೆ, ದುಬೈ ಅಬುಧಾಬಿಯವರು ಸುಮಾರು ಜನ. ಊರಿನವರಾದ್ರೆ ಗೂಗಲ್ ಪೇ ಮಾಡ್ತಾರೆ, ಇವರ ಹತ್ರ ಹಣ ತಗೊಳ್ಳುವುದು ಹೇಗೆ?

ಫ್ರೆಂಡ್ ಒಬ್ಳು ಡಿಜಿಟಲ್ ಫೈಲ್ ಮಾರುವ ಒಂದು ಸೈಟ್ ಹೇಳಿದ್ಳು. ಅಂಗಡಿಗೆ ಹೆಸರಿಟ್ಟೆ, ಬ್ಯಾನರ್ ಮಾಡಿದೆ, ಚಿತ್ರ ಎಲ್ಲಾ ಅಪ್ಲೋಡ್ ಆಯ್ತು, ಕೊನೆಗೆ ನಿಮ್ಮ ದುಡ್ಡು ಯಾವ ದೇಶದ ಬ್ಯಾಂಕಿಗೆ ಹಾಕ್ಬೇಕು ಅಂತ ಕೇಳ್ತದಲ್ಲ, ಆ ಪಟ್ಟಿಯಲ್ಲಿ ಹಂಗೇರಿ ಆದ ಮೇಲೆ ಸೀದಾ ಐರ್ಲೆಂಡ್!! ಇಂಡಿಯಾ ಇಲ್ಲವೇ ಇಲ್ಲ. ಇದನ್ನು ಮೊದ್ಲ ಪೇಜಲ್ಲೇ ಹೇಳಿದ್ರೆ ಎಂತ ಹೋಗ್ತಿತ್ತು ಇವರಿಗೆ. ಇನ್ನೊಂದು ಕಡೆ ನೋಡಿದ್ರೆ ಇಂಡಿಯಾಕ್ಕೆ ಈಗ ಆಹ್ವಾನ ಇದ್ದವರಿಗೆ ಮಾತ್ರ, ಈಮೇಲ್ ಕೊಟ್ಟು ಹೋಗಿ ಅಂತ. ಬ್ಯಾಂಕಿಗೆ ಹೋಗಿ ಹೊರದೇಶದಿಂದ ಹಣ ಬರ್ಲಿಕ್ಕೆ ಬೇಕಾದ ಸ್ವಿಫ್ಟ್ ಕೋಡ್ ಕೇಳಿದೆ, ನಮ್ಮ ಬ್ರಾಂಚಿಗೆ ಅದಿಲ್ಲ ಅಂದ್ರು.

ಅಣ್ಣ ದುಬೈಯಲ್ಲಿದ್ದಾನೆ, ಕಂಪೆನಿ ವೀಸಾ. ನನ್ನ ಹೆಸರಲ್ಲೇ ಮಾಡಿ ಬಿಡು, ಎಮಿರೇಟ್ಸ್ ಐಡಿ ಫೋಟೋ ಕಳಿಸ್ತೇನೆ, ಬಂದ ದುಡ್ಡು ಮನೆಗೆ ಕಳಿಸುವಾಗ ಒಟ್ಟಿಗೆ ಹಾಕ್ತೇನೆ ಅಂತಾನೆ. ಸುಲಭ ಅಂತ ಕಾಣ್ತದೆ ಆದ್ರೆ ಎಂತದೋ ಹೆದರಿಕೆ. ಹೀಗೆ ಮಾಡಿದವರು ಯಾರಾದ್ರೂ ಇದ್ದೀರಾ? ದಯವಿಟ್ಟು ಹೇಳಿ.

ಬಾಯಾರು ಬಾಯ್:

ವಿಪಿಎನ್ ಹಾಕಿ ಐರ್ಲೆಂಡ್ ಅಂತ ಕೊಡಿ ಅಕ್ಕಾ. ಮುಗೀತು 😄

ಉಪ್ಪಳ ಕೋಡರ್:

ಬಾಯಾರು, ವಿಪಿಎನ್ ಹಾಕಿದ್ರೆ ಬೇರೆ ದೇಶದಲ್ಲಿ ಇದ್ದ ಹಾಗೆ ತೋರಿಸಿ ಪೇಜ್ ಓಪನ್ ಆಗ್ತದೆ, ಐರ್ಲೆಂಡಿನ ಬ್ಯಾಂಕ್ ಅಕೌಂಟ್ ಎಲ್ಲಿಂದ ತರ್ತೀರಿ, ಅದನ್ನೂ ವಿಪಿಎನ್ ಕೊಡ್ತದಾ.

ಪೆನ್ಸಿಲ್ ಅವರೇ, ನಾನು ಫ್ರೀಲಾನ್ಸ್ ಕೋಡಿಂಗ್ ಮಾಡಿಯೇ ಬದುಕುವವ, ಹೊರಗಿನ ದುಡ್ಡೇ ನಮ್ಮ ಊಟ, ಹಾಗಾಗಿ ಸ್ವಲ್ಪ ಉದ್ದ ಬರೀತೇನೆ ಬೇಜಾರು ಮಾಡ್ಬೇಡಿ. ಲಿಸ್ಟಲ್ಲಿ ದೇಶ ಇಲ್ಲಾಂತ ಕಂಡ ಕೂಡ್ಲೆ ನಮ್ಮನ್ನು ಕೀಳಾಗಿ ನೋಡ್ತಾರೆ ಅಂತ ಸಿಟ್ಟು ಬರ್ತದೆ, ಬರ್ಲಿ, ಆದ್ರೆ ಬಾಗಿಲು ಹಾಕಿದ್ದು ಯಾರು ಅಂತ ಮೊದ್ಲು ನೋಡ್ಬೇಕು, ಯಾಕಂದ್ರೆ ಒಬ್ಬೊಬ್ರು ಹಾಕಿದ ಬಾಗಿಲಿಗೆ ಒಂದೊಂದು ದಾರಿ.

ಕೆಲವು ದೇಶಗಳಿಗೆ ಅಮೆರಿಕ ಸರಕಾರವೇ ನಿರ್ಬಂಧ ಹಾಕಿದೆ, ಇರಾನ್, ಕ್ಯೂಬಾ, ಉತ್ತರ ಕೊರಿಯಾ, ಮತ್ತೆ ರಷ್ಯಾ ಹಿಡ್ಕೊಂಡ ಕ್ರೈಮಿಯಾ ಪ್ರದೇಶ. ಕಂಪೆನಿಗೆ ಮನಸ್ಸಿದ್ರೂ ಅಲ್ಲಿಯವನಿಗೆ ಏನೂ ಮಾಡ್ಲಿಕ್ಕಾಗುದಿಲ್ಲ. 2019ರಲ್ಲಿ ನಾವು ಕೋಡ್ ಇಡುವ ಗಿಟ್‌ಹಬ್ ಸೈಟ್ ಇರಾನಿನ ಹುಡುಗರ ಅಕೌಂಟ್‌ಗಳಿಗೆ ಏಕ್ದಂ ಕಡಿವಾಣ ಹಾಕಿತ್ತು, ಅವರು ಮಾಡಿದ ತಪ್ಪು ಅಂದ್ರೆ ಅಲ್ಲಿ ಇದ್ದದ್ದು ಅಷ್ಟೇ, ಆಮೇಲೆ 2021ರಲ್ಲಿ ಅಮೆರಿಕ ಸರಕಾರದಿಂದ ಲೈಸನ್ಸ್ ತಗೊಂಡು ಪುನಃ ಬಿಟ್ರು. ರಷ್ಯಾಕ್ಕೆ 2022ರ ಮಾರ್ಚಲ್ಲಿ ಆನ್‌ಲೈನಲ್ಲಿ ದುಡ್ಡು ಕಳಿಸುವ ಪೇಪಾಲ್, ವೀಸಾ, ಮಾಸ್ಟರ್‌ಕಾರ್ಡ್ ಎಲ್ಲಾ ನಿಂತದ್ದು ನಿಮಗೆಲ್ಲ ನೆನಪಿರಬಹುದು. ಇನ್ನು ಕೆಲವು ದೇಶಗಳಿಗೆ ನಿರ್ಬಂಧವೂ ಇಲ್ಲ ಎಂತದೂ ಇಲ್ಲ, ಆದ್ರೆ ಕಂಪೆನಿಗೆ ಅಲ್ಲಿಯ ಕಾನೂನು ಪಾಲಿಸಿ ಲೈಸನ್ಸ್ ತಗೊಂಡು ನಡೆಸುವಷ್ಟು ಲಾಭ ಕಾಣುದಿಲ್ಲ. ಶ್ರೀಲಂಕಾದವರಿಗೆ ವರ್ಷಗಟ್ಟಲೆ ಪೇಪಾಲಲ್ಲಿ ದುಡ್ಡು ಕಳಿಸ್ಲಿಕ್ಕೆ ಆಗ್ತಿತ್ತು, ತಗೊಳ್ಳಿಕ್ಕೆ ಆಗ್ತಿರಲಿಲ್ಲ, ಅಂದ್ರೆ ನೀನು ಗಿರಾಕಿ ಆಗು ವ್ಯಾಪಾರಿ ಆಗ್ಬೇಡ ಅಂತ.

ನಮ್ಮದು ಇದೆರಡೂ ಅಲ್ಲ. ನಮ್ಮ ಬಾಗಿಲ ಹತ್ರ ಕೂತದ್ದು ನಮ್ಮದೇ ರಿಸರ್ವ್ ಬ್ಯಾಂಕ್. 2010ರಲ್ಲಿ ಪೇಪಾಲಿನವರಿಗೆ ವೈಯಕ್ತಿಕವಾಗಿ ಇಂಡಿಯಾಕ್ಕೆ ದುಡ್ಡು ಕಳಿಸುವುದನ್ನು ನಿಲ್ಲಿಸಬೇಕಾಗಿ ಬಂತು, ಅದೇ ವರ್ಷ ಕೊನೆಗೆ ಬಂದ ನಿಯಮದಲ್ಲಿ ಒಂದು ಸಲಕ್ಕೆ 500 ಡಾಲರ್ ಮಾತ್ರ, ಆಮೇಲೆ ಅದನ್ನು 3000, ಮತ್ತೆ 10,000 ಮಾಡಿದ್ರು. ಬಂದ ದುಡ್ಡು ಅಲ್ಲೇ ಇಟ್ಟುಕೊಂಡು ಅದ್ರಿಂದಲೇ ಎಂತಾದ್ರೂ ಖರೀದಿ ಮಾಡ್ಲಿಕ್ಕೆ ಇಲ್ಲ, ಊರಿನ ಬ್ಯಾಂಕಿಗೆ ತಾನಾಗಿ ಹೋಗಿ ಬೀಳ್ತದೆ. 2021ರ ಏಪ್ರಿಲ್ 1ರಿಂದ ಪೇಪಾಲ್ ದೇಶದ ಒಳಗಿನ ವ್ಯವಹಾರ ಬಿಟ್ಟೇ ಬಿಟ್ಟಿತು. ಅದನ್ನು ಕೇಳಿ ಪೇಪಾಲ್ ಇಂಡಿಯಾದಿಂದ ಹೋಯ್ತು ಅಂತ ಇವತ್ತಿಗೂ ಹೇಳುವವರಿದ್ದಾರೆ, ಅದು ತಪ್ಪು, ಹೊರದೇಶದಿಂದ ವ್ಯಾಪಾರದ ದುಡ್ಡು ಬರ್ಲಿಕ್ಕೆ ಈಗಲೂ ಉಂಟು. ಸ್ಟ್ರೈಪ್ ಅಂತ ಇನ್ನೊಂದು ಪೇಮೆಂಟ್ ಕಂಪೆನಿ 2024ರ ಮೇಯಿಂದ ಇಂಡಿಯಾದಲ್ಲಿ ಹೊಸಬರಿಗೆ ಆಹ್ವಾನ ಇದ್ರೆ ಮಾತ್ರ ಅಂತ ಮಾಡಿದೆ, ಕಾರಣ ಇಲ್ಲಿಯ ನಿಯಮ ಬದಲಾಗ್ತಾ ಇರುವುದು ಅಂತ ಅವರೇ ಹೇಳಿದ್ದು. ಸುಮಾರು ಸಣ್ಣ ಸಣ್ಣ ಮಾರುವ ಸೈಟ್‌ಗಳು ಒಳಗಿಂದ ಓಡುವುದು ಸ್ಟ್ರೈಪ್ ಮೇಲೆಯೇ. ಅಂದ್ರೆ ನೀವು ಕಂಡ ಪಟ್ಟಿ ಹೆಚ್ಚಾಗಿ ಆ ಸೈಟ್‌ನವನು ಕೂತು ಬರೆದದ್ದಲ್ಲ, ಅವನ ಹಿಂದೆ ಇರುವ ಪೇಮೆಂಟ್ ಕಂಪೆನಿಯದ್ದು. ಅವನಿಗೆ ಈಮೇಲ್ ಬರೆದು ಬೈದ್ರೆ ಅವನಿಗೂ ಗೊತ್ತಿರುದಿಲ್ಲ.

ಹಾಗಾಗಿ ಅಂಗಡಿ ಬೇರೆ, ಹಣ ತಗೊಳ್ಳುವುದು ಬೇರೆ ಮಾಡಿ. ಚಿತ್ರ ಎಲ್ಲಿ ಬೇಕಾದ್ರೂ ತೋರಿಸಿ, ಇನ್‌ಸ್ಟಾ ಉಂಟಲ್ಲ. ಆರ್ಡರ್ ಬಂದಾಗ ಪೇಪಾಲ್ ಇನ್‌ವಾಯ್ಸ್ ಕಳಿಸಿ, ದುಡ್ಡು ಬಂದ ಮೇಲೆ ಡ್ರೈವ್ ಲಿಂಕ್ ಕೊಡಿ. ಪಾನ್ ಬೇಕು, ಎಂತಕ್ಕೆ ದುಡ್ಡು ಬರ್ತಾ ಉಂಟು ಅಂತ ಒಂದು ಪರ್ಪಸ್ ಕೋಡ್ ಆರಿಸ್ಬೇಕು, ಅಷ್ಟೇ. ಆಟೋಮ್ಯಾಟಿಕ್ ಅಲ್ಲ, ರಾತ್ರಿ ಆರ್ಡರ್ ಬಂದ್ರೆ ಬೆಳಿಗ್ಗೆ ಕಳಿಸ್ಬೇಕಾಗ್ತದೆ, ಆದ್ರೆ ನಿಮ್ಮದು ತಿಂಗಳಿಗೆ ಸಾವಿರ ಆರ್ಡರ್ ಅಲ್ವಲ್ಲ.

ಸ್ವಿಫ್ಟ್ ಕೋಡ್ ವಿಷಯ: ಸಣ್ಣ ಬ್ರಾಂಚಿಗೆ ಇರುದಿಲ್ಲ, ಅದು ಸಹಜ. ಅದೇ ಬ್ಯಾಂಕಿನ ವಿದೇಶಿ ವಿನಿಮಯ ಇರುವ ದೊಡ್ಡ ಬ್ರಾಂಚಿನ ಕೋಡ್ ಹಾಕಿ ನಿಮ್ಮ ಅಕೌಂಟ್ ನಂಬರ್ ಕೊಟ್ರೆ ಬರ್ತದೆ. ಹಾಗಂತ ಕೌಂಟರಲ್ಲಿ ಕೂತವರಿಗೆ ಗೊತ್ತಿರಬೇಕಲ್ಲ! ಮ್ಯಾನೇಜರನ್ನೇ ಕೇಳಿ. ಸಣ್ಣ ಮೊತ್ತಕ್ಕೆ ಸ್ವಿಫ್ಟ್ ಬೇಡ, ಮಧ್ಯದ ಬ್ಯಾಂಕ್‌ಗಳು ಕಿತ್ತುಕೊಂಡು ಕೈಗೆ ಬರುವುದು ಕಮ್ಮಿಯೇ.

ಅಣ್ಣನ ವಿಷಯ ನಾನು ಹೇಳುವುದಕ್ಕಿಂತ ಅಲ್ಲಿರುವವರು ಹೇಳಿದ್ರೆ ಒಳ್ಳೇದು.

ಶಾರ್ಜಾ ಕುಂಬಳೆ:

ಅಲ್ಲಿರುವವ ಬಂದೆ 🙋 ಡ್ಯೂಟಿ ಮುಗಿಸಿ ಬಂದು ಈಗ ನೋಡಿದ್ದು.

ತಂಗಿ, ಅಣ್ಣನ ಮನಸ್ಸು ಒಳ್ಳೇದು, ಆದ್ರೆ ಬೇಡ. ನಮ್ಮ ರೂಮಲ್ಲಿ ಒಬ್ಬ ಇದ್ದ, ಊರಲ್ಲಿ ಅವನ ಭಾವ ಮದುವೆ ವಿಡಿಯೋ ಎಡಿಟಿಂಗ್ ಮಾಡುವವ, ಅವನಿಗೋಸ್ಕರ ಇವ ತನ್ನ ಹೆಸರಲ್ಲಿ ಒಂದು ಪೇಮೆಂಟ್ ಕಂಪೆನಿಯಲ್ಲಿ ಅಕೌಂಟ್ ಮಾಡಿಕೊಟ್ಟ. ಪಾಸ್‌ವರ್ಡ್ ಭಾವನ ಹತ್ರ. ಒಂದೇ ದಿನ ಇಲ್ಲಿಂದಲೂ ಲಾಗಿನ್, ಬದಿಯಡ್ಕದಿಂದಲೂ ಲಾಗಿನ್. ಸ್ವಲ್ಪ ಸಮಯ ಸರಿ ಇತ್ತು, ದುಡ್ಡು ಸ್ವಲ್ಪ ದೊಡ್ಡದಾಗಿ ಬಂದಾಗ ನಿಲ್ಲಿಸಿಬಿಟ್ರು. ಮೊದ್ಲು ಐಡಿ ಕೇಳಿದ್ರು, ಕೊಟ್ಟ. ಆಮೇಲೆ ಟ್ರೇಡ್ ಲೈಸನ್ಸ್ ಕೊಡಿ ಅಂದ್ರು. ಎಲ್ಲಿಂದ ಕೊಡ್ತಾನೆ, ಅವ ಸೂಪರ್ ಮಾರ್ಕೆಟ್‌ನಲ್ಲಿ ಸ್ಟೋರ್ ಕೀಪರ್. ಅಕೌಂಟ್ ಬಂದ್, ಇದ್ದ ಹಣ 180 ದಿವಸ ಹಿಡ್ಕೊಳ್ತೇವೆ ಅಂತ ಮೆಸೇಜ್. ಇಂಥ ಷರತ್ತು ನಾವೆಲ್ಲ ಓದದೆ ಒಪ್ಪಿಗೆ ಒತ್ತುವ ಕರಾರಲ್ಲೇ ಬರೆದಿರ್ತಾರೆ. ಭಾವನ ಹತ್ರ ಗಿರಾಕಿ ಜಗಳ, ಭಾವನಿಗೆ ಇವನ ಹತ್ರ ಜಗಳ, ಅಕ್ಕ ಮಧ್ಯದಲ್ಲಿ. ದುಡ್ಡಿನ ವಿಷಯ ಬಿಡಿ, ವಿಷು ಹಬ್ಬಕ್ಕೆ ಮನೆಗೆ ಹೋದವ ಆ ಮನೆಗೆ ಕಾಲಿಡ್ಲಿಲ್ಲ.

ಇಲ್ಲಿ ಯುಎಇಯಲ್ಲಿ ಸ್ಟ್ರೈಪ್ ಎಲ್ಲಾ ಉಂಟು, 2021ರಲ್ಲೇ ಬಂದಿದೆ, ಆದ್ರೆ ಅದು ಲೈಸನ್ಸ್ ಇದ್ದ ವ್ಯಾಪಾರಕ್ಕೆ. ಕಂಪೆನಿ ವೀಸಾದಲ್ಲಿ ಇರುವವ ಲೈಸನ್ಸ್ ಇಲ್ಲದೆ ತನ್ನ ಸಂಬಳದ ಅಕೌಂಟಿಗೆ ಊರೂರಿಂದ ಚಿಲ್ಲರೆ ದುಡ್ಡು ಬರಿಸಿಕೊಂಡ್ರೆ ಬ್ಯಾಂಕೇ ಕೇಳ್ತದೆ ಇದೆಂತದು ಅಂತ. ಊರಲ್ಲಿ ಹೋದ್ರೆ ಹೋಯ್ತು ದುಡ್ಡು, ಇಲ್ಲಿ ಅಣ್ಣನ ಕೆಲಸಕ್ಕೂ ವೀಸಾಕ್ಕೂ ತೊಂದ್ರೆ ಆಗ್ಬಹುದು. ಎಮಿರೇಟ್ಸ್ ಐಡಿ ಫೋಟೋ ವಾಟ್ಸಾಪಲ್ಲಿ ಕಳಿಸ್ಲಿಕ್ಕೆ ಬೇಡ ಅಂತ ಹೇಳಿ, ತಂಗಿಗಾದ್ರೂ.

ಇನ್ನೊಂದು, ನಿಮ್ಮ ಗಿರಾಕಿಗಳಲ್ಲಿ ಗಲ್ಫಿನವರು ಯಾರು? ನಾವೇ ಅಲ್ವಾ, ಊರಿನವರೇ. ನಮಗೆಲ್ಲ ಊರಿನ ಬ್ಯಾಂಕಲ್ಲಿ ಹೊರದೇಶದಲ್ಲಿ ಇರುವವರಿಗೆ ಕೊಡುವ ಎನ್‌ಆರ್‌ಇಯೋ ಎನ್‌ಆರ್‌ಒವೋ ಒಂದು ಅಕೌಂಟ್ ಉಂಟು. 2023ರಿಂದ ಇಲ್ಲಿಯ ಮೊಬೈಲ್ ನಂಬರಿಗೇ ಆ ಅಕೌಂಟ್ ಜೋಡಿಸಿ ಯುಪಿಐ ಮಾಡ್ಲಿಕ್ಕೆ ಬಿಟ್ಟಿದ್ದಾರೆ. ಮೊದ್ಲು ಬಂದ 10 ದೇಶಗಳ ಪಟ್ಟಿಯಲ್ಲಿ ಯುಎಇ, ಸೌದಿ, ಕತಾರ್, ಒಮಾನ್ ಇತ್ತು, ಅಮೆರಿಕ, ಕೆನಡಾ, ಇಂಗ್ಲೆಂಡ್, ಆಸ್ಟ್ರೇಲಿಯಾ, ಸಿಂಗಾಪುರ, ಹಾಂಕಾಂಗೂ ಇತ್ತು. ಎಲ್ಲಾ ಬ್ಯಾಂಕಲ್ಲಿ ಆಗುದಿಲ್ಲ, ಕೇಳಿ ನೋಡ್ಬೇಕು. ಹಾಗಾಗಿ ಅಬುಧಾಬಿಯವರಿಗೆ ನಿಮ್ಮ ಕ್ಯೂಆರ್ ಕೋಡ್ ಕಳಿಸಿ, ಪೆರ್ಲದ ಅಂಗಡಿಯಲ್ಲಿ ಬೊಂಡ ಕುಡಿದು ಪೇ ಮಾಡಿದಷ್ಟೇ ಸುಲಭ. ಫೀಸೂ ಇಲ್ಲ ಡಾಲರೂ ಇಲ್ಲ.

ಕುವೈತ್, ಬಹ್ರೇನ್ ಆ ಪಟ್ಟಿಯಲ್ಲಿ ಇರಲಿಲ್ಲ. ನಮ್ಮ ಕಾಸರಗೋಡಿನ ಅರ್ಧ ಜನ ಅಲ್ಲೇ ಇರುವುದು, ಅವರನ್ನೇ ಬಿಟ್ರು ನೋಡಿ 🤦 ಅವರ ಹತ್ರ ಊರಿನ ನಂಬರ್ ರೋಮಿಂಗಲ್ಲಿ ಇದ್ರೆ ಬೇರೆ ಮಾತು.

ಹಾಳೆತಟ್ಟೆ:

ನಿಮ್ಮದು ಫೈಲ್, ಹಾಗಾಗಿ ಬಚಾವ್. ನಮ್ಮದು ವಸ್ತು, ಅಡಿಕೆ ಹಾಳೆಯ ತಟ್ಟೆ. ಪೇಮೆಂಟ್ ಬಂದ್ರೂ ವಸ್ತು ಹೋಗ್ಬೇಕಲ್ಲ.

ಮುಂದೆ ಪ್ರಿಂಟ್ ಮಾಡಿ ಕಳಿಸುವ ಆಲೋಚನೆ ಇದ್ರೆ ಗೊತ್ತಿರ್ಲಿ ಅಂತ ಹೇಳ್ತೇನೆ. ವಸ್ತು ಹೊರಗೆ ಕಳಿಸಿ ದುಡ್ಡು ತಗೊಳ್ಳಿಕ್ಕೆ ಐಇಸಿ ಅಂತ ಒಂದು ಆಮದು ರಫ್ತು ನಂಬರ್ ಬೇಕು, ಸರಕಾರದ ವಿದೇಶ ವ್ಯಾಪಾರ ಇಲಾಖೆ ಡಿಜಿಎಫ್‌ಟಿ ಸೈಟಲ್ಲಿ 500 ರೂಪಾಯಿ, ಪಾನ್ ನಂಬರೇ ಐಇಸಿ ನಂಬರ್ ಆಗಿ ಬರ್ತದೆ, ಮನೆಯಲ್ಲೇ ಕೂತು ಮಾಡ್ಬಹುದು. ಕಳಿಸ್ಲಿಕ್ಕೆ ಕೊರಿಯರ್ ಕಂಪೆನಿಗೆ ಹೋಗ್ಬೇಡಿ, ಅಂಚೆಯವರದ್ದು ಡಾಕ್ ಘರ್ ನಿರ್ಯಾತ್ ಕೇಂದ್ರ ಅಂತ ಉಂಟು, 2022ರಲ್ಲಿ ಶುರುವಾದದ್ದು, ಸಣ್ಣವರಿಗೋಸ್ಕರವೇ. ಕಸ್ಟಮ್ಸ್ ಪೇಪರ್ ಆನ್‌ಲೈನಲ್ಲೇ ತುಂಬಿ ಪಾರ್ಸೆಲ್ ಕೊಟ್ರೆ ಆಯ್ತು.

ಆದ್ರೆ ಕಳೆದ ವರ್ಷ ನೋಡಿ. 2025ರ ಮೇ ತಿಂಗಳಲ್ಲಿ ಅಮೆರಿಕದಲ್ಲಿ ಆಹಾರ, ಔಷಧ ನೋಡಿಕೊಳ್ಳುವ ಎಫ್‌ಡಿಎ ಅಡಿಕೆ ಹಾಳೆಯ ತಟ್ಟೆ ಊಟಕ್ಕೆ ಬೇಡ, ಮಾರ್ಬೇಡಿ ಅಂತ ಅಲ್ಲಿಯ ಅಂಗಡಿಯವರಿಗೆ ಪತ್ರ ಬರೆಯಿತು. ಅಡಿಕೆ, ತೆಂಗಿನ ಸಂಶೋಧನೆ ಮಾಡುವ ಸಿಪಿಸಿಆರ್‌ಐ ನಮ್ಮ ಮನೆ ಬಾಗಿಲಲ್ಲಿ ಉಂಟು, ಅಡಿಕೆ ತೋಟದ ಮಧ್ಯೆ ಹುಟ್ಟಿದವರು ನಾವು, ಹಾಳೆಯಲ್ಲಿ ಉಣ್ಣುವುದು ಹೊಸತಾ ನಮಗೆ! ಆಮೇಲೆ ಆಗಸ್ಟಲ್ಲಿ 800 ಡಾಲರ್ ಒಳಗಿನ ಪಾರ್ಸೆಲಿಗೆ ಇದ್ದ ಸುಂಕ ವಿನಾಯಿತಿ ತೆಗೆದ್ರು, ಯಾರು ವಸೂಲು ಮಾಡುವುದು ಹೇಗೆ ಮಾಡುವುದು ಅಂತ ಗೊತ್ತಾಗದೆ ಅಂಚೆ ಇಲಾಖೆ 25ನೇ ತಾರೀಕಿಂದ ಅಮೆರಿಕಕ್ಕೆ ಪಾರ್ಸೆಲ್ ತಗೊಳ್ಳುವುದೇ ನಿಲ್ಲಿಸ್ತು, ಪುನಃ ಶುರುವಾದದ್ದು ಅಕ್ಟೋಬರ್ 15ಕ್ಕೆ. ನವರಾತ್ರಿ ಪೂರ್ತಿ ಅದರಲ್ಲೇ ಹೋಯ್ತು. ಅಕೌಂಟ್ ಉಂಟು, ಗಿರಾಕಿ ಉಂಟು, ದುಡ್ಡು ಕೊಡ್ಲಿಕ್ಕೆ ತಯಾರು, ರಸ್ತೆ ಇಲ್ಲ.

ಫೈಲೇ ಮಾರಿ ಅಕ್ಕಾ. ಅದಕ್ಕೆ ಯಾರೂ ಸುಂಕದ ಕಟ್ಟೆ ಕಟ್ಟಿಲ್ಲ ಸದ್ಯಕ್ಕೆ.

ನೀರ್ಚಾಲು ಓದುಗ:

ನೀವೆಲ್ಲ ದೇಶದ ಪಟ್ಟಿ ಅಂತೀರಿ, ನಂದು ಭಾಷೆಯ ಪಟ್ಟಿ. ನಮ್ಮ ಮಾವ ಕಥೆ ಬರೀತಾರೆ, ನಿವೃತ್ತ ಮೇಷ್ಟ್ರು, ಅವರದ್ದೊಂದು ಸಂಕಲನ ಕಿಂಡಲ್‌ಗೆ ಹಾಕುವಾಂತ ಕೂತೆ. ದೇಶ ಇಂಡಿಯಾ ಉಂಟು, ಬ್ಯಾಂಕ್ ಉಂಟು, ಎಲ್ಲಾ ಸರಿ. ಭಾಷೆ ಆರಿಸಿ ಅಂದ್ರೆ ಕನ್ನಡ ಇಲ್ಲ. 2016ರ ಡಿಸೆಂಬರಲ್ಲಿ ಅಮೆಜಾನಿನವರು ಕಿಂಡಲ್‌ಗೆ ಐದು ಭಾರತೀಯ ಭಾಷೆ ಸೇರಿಸಿದ್ರು, ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ. ತೆಲುಗೂ ಇಲ್ಲ ಕನ್ನಡವೂ ಇಲ್ಲ.

ನಮ್ಮ ಅವಸ್ಥೆ ನೋಡಿ, ಪಂಚಾಯತ್ ಆಫೀಸಿಗೆ ಹೋದ್ರೆ ಫಾರಂ ಮಲಯಾಳದಲ್ಲಿ, ಇಲ್ಲಿ ಬಂದ್ರೆ ಇಲ್ಲೂ ಮಲಯಾಳ ಉಂಟು, ಕನ್ನಡ ಇಲ್ಲ 😂 ಕಾಸರಗೋಡು ಕರ್ನಾಟಕಕ್ಕೆ ಸೇರ್ಬೇಕು ಅಂದ ಮಹಾಜನ ವರದಿ 1967ರಿಂದ ಕಾಯ್ತಾ ಉಂಟು, ಮಾವನ ಕಥೆಯೂ ಕಾಯ್ಲಿ ಅಂತ ಮಾವನೇ ಹೇಳಿ ನಕ್ಕರು.

ಕೊನೆಗೆ ಗೂಗಲ್ ಪ್ಲೇ ಬುಕ್ಸ್ ನೋಡ್ತಾ ಇದ್ದೇನೆ, ಅದರಲ್ಲಿ ಕನ್ನಡ ಪುಸ್ತಕ ಬೇಕಾದಷ್ಟು ಉಂಟು. ಮೈಲ್ಯಾಂಗ್ ಅಂತ ಕನ್ನಡದವರದ್ದೇ ಆಪ್ ಉಂಟು, ಅವರಿಗೂ ಬರೆದಿದ್ದೇನೆ. ಥ್ರೆಡ್ ಹಾಳು ಮಾಡಿದ್ರೆ ಕ್ಷಮಿಸಿ, ಹೇಳದೆ ಇರ್ಲಿಕ್ಕೆ ಆಗ್ಲಿಲ್ಲ.

ಬಾಯಾರು ಬಾಯ್:

ವಿಪಿಎನ್ ತಮಾಷೆಗೆ ಹೇಳಿದ್ದು ಮಾರಾಯ್ರೆ ಎಲ್ರೂ ಹಿಡ್ಕೊಂಡ್ರಿ. ಸೀರಿಯಸ್ಸಾಗಿ ಕೇಳ್ತೇನೆ, ಎಸ್ಟೋನಿಯಾದ ಇ-ರೆಸಿಡೆನ್ಸಿ ಅಂತ ಉಂಟಲ್ಲ, 2014ರಿಂದ ಕೊಡ್ತಾರೆ, ಊರಲ್ಲೇ ಕೂತು ಅಲ್ಲಿ ಕಂಪೆನಿ ಮಾಡ್ಬಹುದು. ಇಲ್ಲದಿದ್ರೆ ಅಮೆರಿಕದ ಡೆಲವೇರಲ್ಲಿ ಕಂಪೆನಿ. ಯೂಟ್ಯೂಬಲ್ಲಿ ಎಲ್ಲಾ ಹುಡುಗರು ಅದೇ ಹೇಳುವುದು. ಆಗ ಯಾವ ಪಟ್ಟಿಯೂ ಅಡ್ಡ ಬರುದಿಲ್ಲ.

ಲೆಕ್ಕದ ಮಾಣಿ:

ಬಾಯಾರು ಭಾವ, ನಾಲ್ಕು ಚಿತ್ರ ಮಾರ್ಲಿಕ್ಕೆ ಎಸ್ಟೋನಿಯಾದಲ್ಲಿ ಕಂಪೆನಿ ಅಂದ್ರೆ ಬೆಟ್ಟ ಅಗೆದು ಇಲಿ ಹಿಡಿದ ಹಾಗೆ. ಅಲ್ಲಿ ವರ್ಷ ವರ್ಷ ಲೆಕ್ಕ ಸಲ್ಲಿಸ್ಬೇಕು, ಇಲ್ಲಿ ವಿದೇಶಿ ಹಣದ ವ್ಯವಹಾರಕ್ಕೆ ಇರುವ ಫೆಮಾ ಕಾನೂನಲ್ಲಿ ಹೊರದೇಶದ ಹೂಡಿಕೆಗೆ 2022ರಲ್ಲಿ ಬಂದ ಹೊಸ ನಿಯಮ ಉಂಟು ಅದನ್ನು ಪಾಲಿಸ್ಬೇಕು, ಇನ್‌ಕಮ್ ಟ್ಯಾಕ್ಸ್ ರಿಟರ್ನಲ್ಲಿ ವಿದೇಶಿ ಆಸ್ತಿ ಅಂತ ತೋರಿಸ್ಬೇಕು. ಯೂಟ್ಯೂಬಿನ ಹುಡುಗ ಕಂಪೆನಿ ಮಾಡುವುದು ಹೇಗೆ ಅಂತ ಹೇಳ್ತಾನೆ, ಮುಚ್ಚುವುದು ಹೇಗೆ ಅಂತ ಹೇಳುದಿಲ್ಲ.

ನಾನು ಆಡಿಟರ್ ಆಫೀಸಲ್ಲಿ ಕೆಲಸ ಮಾಡುವವ, ಆಡಿಟರ್ ಅಲ್ಲ, ಹಾಗಾಗಿ ದೊಡ್ಡ ಮೊತ್ತ ಆದ್ರೆ ಸರಿಯಾದವರನ್ನು ಕೇಳಿ. ಅಣ್ಣನ ದಾರಿಯಲ್ಲಿ ಶಾರ್ಜಾದವರು ಹೇಳದ ಒಂದು ವಿಷಯ ಉಂಟು. ದುಡಿದವಳು ನೀವು, ಊರಲ್ಲಿ ಕೂತು. ದುಡ್ಡು ಅಣ್ಣನ ಹತ್ರ ಹೋಗಿ ಅಲ್ಲಿಂದ ಮನೆ ಖರ್ಚು ಅಂತ ಬರ್ತದೆ. ಕಾಗದದಲ್ಲಿ ನಿಮಗೆ ವರಮಾನವೇ ಇಲ್ಲ. ನಾಳೆ ನೀವು ಸ್ವಂತ ಲ್ಯಾಪ್‌ಟಾಪ್ ಸಾಲಕ್ಕೋ ಮನೆ ಸಾಲಕ್ಕೋ ಹೋದ್ರೆ ತೋರಿಸ್ಲಿಕ್ಕೆ ಎಂತ ಉಂಟು? ಟ್ಯಾಕ್ಸ್ ಕಣ್ಣಲ್ಲೂ ಅದು ತಪ್ಪು, ಫೆಮಾ ಕಣ್ಣಲ್ಲೂ ತಪ್ಪು, ವ್ಯಾಪಾರದ ದುಡ್ಡನ್ನು ಮನೆ ಖರ್ಚು ಅಂತ ತೋರಿಸಿದ ಹಾಗೆ ಆಗ್ತದೆ. ನಿಮ್ಮ ಹೆಸರಲ್ಲೇ ಬರ್ಲಿ, ಸ್ವಲ್ಪವೇ ಆದ್ರೂ. ರಿಟರ್ನ್ ಫೈಲ್ ಮಾಡಿ. ಜಿಎಸ್‌ಟಿ ಸೇವೆಗೆ ವರ್ಷಕ್ಕೆ 20 ಲಕ್ಷ ದಾಟಿದ ಮೇಲಿನ ಮಾತು, ಆ ದಿನ ಬಂದಾಗ ಪೆರ್ಲದಲ್ಲಿ ಒಂದು ಸದ್ಯ ಕೊಡಿಸಿ ನಮಗೆ.

ಪೇಪಾಲಿಂದ ಬರುವ ಇನ್‌ವರ್ಡ್ ರೆಮಿಟೆನ್ಸ್ ಕಾಗದ ಡೌನ್‌ಲೋಡ್ ಮಾಡಿ ಇಟ್ಕೊಳ್ಳಿ, ದುಡ್ಡು ಹೊರಗಿಂದ ಬಂದದ್ದಕ್ಕೆ ಅದೇ ಸಾಕ್ಷಿ.

ನೀರ್ಚಾಲಿನವರಿಗೆ: ಅಮೆರಿಕದ ಕಂಪೆನಿಯಿಂದ ಪುಸ್ತಕದ ರಾಯಲ್ಟಿ ಬರುವಾಗ ಡಬ್ಲ್ಯೂ-8ಬಿಇಎನ್ ಅಂತ ಒಂದು ಫಾರಂ ತುಂಬಿಸ್ತಾರೆ, ಅದರಲ್ಲಿ ಪಾನ್ ನಂಬರ್ ಹಾಕಿ ಇಂಡಿಯಾದ ಒಪ್ಪಂದ ಆರಿಸಿದ್ರೆ ಅಲ್ಲಿ ಹಿಡಿಯುವ ತೆರಿಗೆ ಶೇಕಡಾ 15, ಖಾಲಿ ಬಿಟ್ರೆ 30. ಮಾವನಿಗೆ ಹೇಳಿ.

ಪೆರ್ಲದ ಪೆನ್ಸಿಲ್:

ಅಯ್ಯೋ ಎಷ್ಟು ಬರೆದಿದ್ದೀರಿ ಎಲ್ರೂ, ತುಂಬಾ ಥ್ಯಾಂಕ್ಸ್. ಅಣ್ಣನಿಗೆ ಶಾರ್ಜಾದವರು ಬರೆದದ್ದು ಓದ್ಲಿಕ್ಕೆ ಕಳಿಸಿದೆ, ಸ್ವಲ್ಪ ಹೊತ್ತು ಸುಮ್ನೆ ಇದ್ದು ಆಮೇಲೆ "ಐಡಿ ಫೋಟೋ ಡಿಲೀಟ್ ಮಾಡು" ಅಂತ ಮೆಸೇಜ್ ಮಾಡಿದ 😅

ಅಬುಧಾಬಿಯವರಲ್ಲಿ ಇಬ್ರು ಯುಪಿಐ ಮಾಡಿದ್ರು, ಅವರ ಎನ್‌ಆರ್‌ಒ ಅಕೌಂಟಿಂದ, ಏನೂ ತೊಂದ್ರೆ ಇಲ್ಲ. ಅಮೆರಿಕದವರಿಗೆ ಪೇಪಾಲ್ ಮಾಡುವಾಂತ ಹೋದೆ, ಅಲ್ಲಿ ಹೆಸರಿನ ಸಮಸ್ಯೆ. ಪಾನಲ್ಲಿ ಅಪ್ಪನ ಹೆಸರು ಪೂರ್ತಿ ಬಿಡಿಸಿ ಬರೆದಿದೆ, ಬ್ಯಾಂಕಲ್ಲಿ ಬರೀ ಇನಿಷಿಯಲ್. ಅದು ಸಾಲದು ಅಂತ ಬ್ಯಾಂಕಿನವರು ನನ್ನ ಹೆಸರಿನ ಮಧ್ಯೆ ಒಂದು ಎಚ್ ಸೇರಿಸಿದ್ದಾರೆ, ಮಲಯಾಳದವರು ಬರೆಯುವ ಕ್ರಮದಲ್ಲಿ. ಹೊಂದಾಣಿಕೆ ಆಗ್ಲಿಲ್ಲ ಅಂತ ಬರ್ತಾ ಉಂಟು. ಎಲ್ಲಿ ಸರಿ ಮಾಡ್ಬೇಕು, ಪಾನಾ ಬ್ಯಾಂಕಾ?

ಮತ್ತೆ ನನ್ನ ಎಟಿಎಂ ಕಾರ್ಡ್ ರುಪೇ, ಡಿಸೈನ್ ಆಪ್‌ನ ಚಂದಾ ಕಟ್ಟುವಾಗ ಹೊರಗಿನ ಸೈಟಲ್ಲಿ ತಗೊಳ್ಳುದೇ ಇಲ್ಲ. ಅದೂ ದೇಶದ ಪಟ್ಟಿಯ ಸಮಸ್ಯೆಯಾ?

ಲೆಕ್ಕದ ಮಾಣಿ:

ಬ್ಯಾಂಕಲ್ಲಿ ಸರಿ ಮಾಡಿಸಿ. ಪಾನನ್ನು ಮುಟ್ಲಿಕ್ಕೆ ಹೋಗ್ಬೇಡಿ, ಪಾನ್ ಆಧಾರ್ ಎರಡೂ ಒಂದೇ ಇದ್ರೆ ಅದೇ ನಿಮ್ಮ ಹೆಸರು, ಬ್ಯಾಂಕ್ ಅದಕ್ಕೆ ಹೊಂದ್ಬೇಕು. ಕೆವೈಸಿ ಅಪ್ಡೇಟ್ ಫಾರಂ ಕೊಟ್ಟು ಎರಡರದ್ದೂ ಕಾಪಿ ಲಗತ್ತಿಸಿ. ಆಧಾರಲ್ಲೂ ಬೇರೆ ಇದ್ರೆ ಮೊದ್ಲು ಸರಕಾರಿ ಆನ್‌ಲೈನ್ ಕೆಲಸ ಮಾಡಿಕೊಡುವ ಅಕ್ಷಯ ಕೇಂದ್ರಕ್ಕೆ ಹೋಗಿ. ಅಲ್ಲಿ ಟೈಪ್ ಮಾಡುವಾಗ ಸ್ಕ್ರೀನ್ ನೋಡ್ತಾ ನಿಲ್ಲಿ, ಕೂತ್ಕೊಳ್ಬೇಡಿ. ನಮ್ಮ ಊರಲ್ಲಿ ಅರ್ಧ ಜನರ ಹೆಸರು ಒಂದೊಂದು ಕಾರ್ಡಲ್ಲಿ ಒಂದೊಂದು ಥರ, ಊರಿನ ಹೆಸರನ್ನೇ ಇಂಗ್ಲಿಷಲ್ಲಿ ಎರಡು ಮೂರು ಥರ ಬರೀತಾರೆ, ಕಂಪ್ಯೂಟರಿಗೆ ಎಲ್ಲಿ ಗೊತ್ತಾಗ್ತದೆ ಇದೆಲ್ಲ ಒಬ್ಬಳೇ ಹುಡುಗಿ ಅಂತ.

ಉಪ್ಪಳ ಕೋಡರ್:

ಕಾರ್ಡಿನದ್ದು ದೇಶದ ಪಟ್ಟಿ ಅಲ್ಲ. 2020ರಲ್ಲಿ ಬಂದ ಆರ್‌ಬಿಐ ನಿಯಮದಿಂದ ಹೊಸ ಕಾರ್ಡ್ ಕೊಡುವಾಗ ದೇಶದ ಒಳಗೆ ಮಾತ್ರ ಚಾಲು ಇರ್ತದೆ, ಅಂತರರಾಷ್ಟ್ರೀಯ ಬಳಕೆ ನೀವೇ ಬ್ಯಾಂಕಿನ ಆಪಲ್ಲಿ ಆನ್ ಮಾಡ್ಬೇಕು, ಮಿತಿಯೂ ಹಾಕ್ಬಹುದು. ಅದು ವೀಸಾ ಮಾಸ್ಟರಿಗೂ ಅನ್ವಯ. ನಿಮ್ಮದು ಸಾದಾ ರುಪೇ ಆದ್ರೆ ಆನ್ ಮಾಡಿದ್ರೂ ಹೊರಗೆ ನಡೆಯುದಿಲ್ಲ, ಅದೇ ಬ್ಯಾಂಕಲ್ಲಿ ವೀಸಾ ಡೆಬಿಟ್ ಕೇಳಿ ತಗೊಳ್ಳಿ. ಮತ್ತೆ ತಿಂಗಳು ತಿಂಗಳು ತಾನಾಗಿ ಕಟ್ಟುವ ಚಂದಾ ಆದ್ರೆ 2021ರ ಅಕ್ಟೋಬರಿಂದ ಇ-ಮ್ಯಾಂಡೇಟ್, ಅಂದ್ರೆ ನೀವು ಮೊದ್ಲೇ ಕೊಡುವ ಒಪ್ಪಿಗೆ ಬೇಕು, ಆ ಕಂಪೆನಿ ಅದಕ್ಕೆ ಒಗ್ಗಿಕೊಳ್ಳದಿದ್ರೆ ಕಾರ್ಡ್ ಸರಿ ಇದ್ರೂ ಫೇಲ್ ಆಗ್ತದೆ. ವರ್ಷದ್ದು ಒಮ್ಮೆಲೇ ಕಟ್ಟಿ ಬಿಡಿ.

ಇನ್ನು ಮುಂದೆ ಆರ್ಡರ್ ಜಾಸ್ತಿ ಆದ್ರೆ ನಮ್ಮ ದೇಶದ್ದೇ ಪೇಮೆಂಟ್ ಗೇಟ್‌ವೇಗಳನ್ನು ನೋಡಿ. 2023ರ ಅಕ್ಟೋಬರ್ ಕೊನೆಗೆ ಆರ್‌ಬಿಐ ಗಡಿಯಾಚೆ ಪೇಮೆಂಟ್ ಅಗ್ರಿಗೇಟರ್ ಅಂತ ಹೊಸ ನಿಯಮ ಮಾಡಿತು, ಕ್ಯಾಶ್‌ಫ್ರೀ ಮುಂತಾದವರಿಗೆ ಪರವಾನಗಿ ಸಿಕ್ಕಿದೆ. ಒಂದು ಸಲಕ್ಕೆ 25 ಲಕ್ಷದವರೆಗೆ ತಗೊಳ್ಬಹುದಂತೆ, ನಿಮ್ಮ ಬಣ್ಣದ ವೇಷಕ್ಕೆ ಅಷ್ಟು ಕೊಡುವವ ಸಿಕ್ಕಿದ್ರೆ ನಮಗೂ ಹೇಳಿ. ಅವರು ಸ್ವಂತ ವೆಬ್‌ಸೈಟ್, ಕರೆಂಟ್ ಅಕೌಂಟ್, ರೀಫಂಡ್ ನಿಯಮ ಎಲ್ಲಾ ಕೇಳ್ತಾರೆ, ಹಾಗಾಗಿ ಈಗಲೇ ಅರ್ಜೆಂಟ್ ಬೇಡ.

ಶಾರ್ಜಾ ಕುಂಬಳೆ:

ಕುವೈತಿನವರಿಗೆ ಎಂತ ಮಾಡಿದ್ರಿ?

ಪೆರ್ಲದ ಪೆನ್ಸಿಲ್:

ಅವರ ಹತ್ರ ಊರಿನ ಸಿಮ್ ಇಲ್ಲ. ಅವರ ಅಮ್ಮ ಮುಳ್ಳೇರಿಯದಲ್ಲಿದ್ದಾರಂತೆ, ಅಮ್ಮನ ಫೋನಿಂದ ಗೂಗಲ್ ಪೇ ಮಾಡಿಸ್ತೇನೆ ಅಂದಿದ್ದಾರೆ. ಅಮ್ಮನಿಗೆ ಚಿತ್ರ ಕಳಿಸಿದ್ರೆ "ಇದು ಯಾವ ಪ್ರಸಂಗದ್ದು, ಕಿವಿಯ ಹತ್ರ ಬಣ್ಣ ಕಮ್ಮಿ ಆಯ್ತಲ್ಲ" ಅಂತ ವಾಯ್ಸ್ ಮೆಸೇಜ್ ಬಂತು. ಸರಿ ಮಾಡಿ ಕೊಟ್ಟ ಮೇಲೆಯೇ ದುಡ್ಡು ಅಂತೆ!

ಒಂದೇ ಡೌಟ್ ಉಳಿದಿದೆ, ಅಮೆರಿಕದವರಿಗೆ ಡಾಲರಲ್ಲಿ ರೇಟ್ ಹೇಳುವಾಗ ಪೇಪಾಲ್ ಫೀಸ್ ಸೇರಿಸಿ ಹೇಳ್ಬೇಕಾ?

ಉಪ್ಪಳ ಕೋಡರ್:

ಸೇರಿಸಿಯೇ ಹೇಳಿ. ಶೇಕಡಾ 4ರ ಮೇಲೆ ಫೀಸ್, ಅದಲ್ಲದೆ ಪ್ರತಿ ಸಲಕ್ಕೆ ಒಂದಿಷ್ಟು ಸೆಂಟ್ಸ್, ಡಾಲರನ್ನು ರೂಪಾಯಿ ಮಾಡುವ ದರದಲ್ಲಿ ಮತ್ತೆ ಸ್ವಲ್ಪ ಅವರಿಗೆ. ಪ್ರತಿ ಸಲ ಹಿಡಿಯುವ ಸೆಂಟ್ಸ್ ಇರುವುದರಿಂದ ಒಂದೊಂದೇ ಚಿತ್ರಕ್ಕೆ ಒಂದೊಂದು ಇನ್‌ವಾಯ್ಸ್ ಮಾಡ್ಬೇಡಿ, ನಾಲ್ಕು ಬೇಕಾದ್ರೆ ನಾಲ್ಕೂ ಒಂದರಲ್ಲೇ ಹಾಕಿ. ಮತ್ತೆ ಅವರು ವ್ಯಾಪಾರದ್ದು ಅಲ್ಲ, ಫ್ರೆಂಡ್ಸ್ ಆ್ಯಂಡ್ ಫ್ಯಾಮಿಲಿ ಅಂತ ಕಳಿಸ್ತೇನೆ ಫೀಸ್ ಉಳೀತದೆ ಅಂದ್ರೆ ಒಪ್ಪಬೇಡಿ, ಇಂಡಿಯಾಕ್ಕೆ ಅದು ಬರುದೇ ಇಲ್ಲ.